ಶ್ರುತಿ ತಪ್ಪಿದ ಕಹಳೆ, ಹೆಸರು ಬಿಟ್ಟುಕೊಟ್ಟ ದನಿ

'ವೆನ್ ಎ ಮ್ಯಾನ್ ಲವ್ಸ್ ಎ ವುಮನ್' ಹಾಡಿನ ಹೆಸರು ನಿಮಗೆ ಗೊತ್ತಿಲ್ಲದಿರಬಹುದು, ರಾಗ ಮಾತ್ರ ಎಲ್ಲೋ ಕಿವಿಗೆ ಬಿದ್ದೇ ಇರುತ್ತದೆ. ಹಳೆಯ ಹಾಲಿವುಡ್ ಸಿನಿಮಾದಲ್ಲೋ, ಯಾರದೋ ಮದುವೆ ವಾರ್ಷಿಕೋತ್ಸವದ ರೀಲ್‌ನಲ್ಲೋ. ಹಿನ್ನೆಲೆಯಲ್ಲಿ ಆರ್ಗನ್ ಮೆಲ್ಲಗೆ ನುಡಿಯುತ್ತಿರುತ್ತದೆ, ಅದರ ಮೇಲೆ ಗಂಡಸೊಬ್ಬ ಎದೆ ಬಿರಿಯುವಂತೆ ಹಾಡುತ್ತಿರುತ್ತಾನೆ. 1966ರಲ್ಲಿ ಅದನ್ನು ಮೊದಲು ಹಾಡಿದವನು ಪರ್ಸಿ ಸ್ಲೆಡ್ಜ್. ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಹಾಡು.

ಯಾವುದಾದರೂ ಮ್ಯೂಸಿಕ್ ಆ್ಯಪ್‌ನಲ್ಲಿ ಅದನ್ನು ತೆರೆದು ಕ್ರೆಡಿಟ್ಸ್ ನೋಡಿ. ಹಾಡಿದವನು ಪರ್ಸಿ ಸ್ಲೆಡ್ಜ್. ಬರೆದವರು ಕ್ಯಾಲ್ವಿನ್ ಲೂಯಿಸ್ ಮತ್ತು ಆಂಡ್ರ್ಯೂ ರೈಟ್. ಈಗ ಇದೇ ಹಾಡನ್ನು 1991ರಲ್ಲಿ ಮೈಕೆಲ್ ಬೋಲ್ಟನ್ ಹಾಡಿದ್ದಾನಲ್ಲ, ಅದನ್ನು ತೆರೆಯಿರಿ. ಬರೆದವರ ಜಾಗದಲ್ಲಿ ಅದೇ ಎರಡು ಹೆಸರು. ಪರ್ಸಿ ಎಲ್ಲೂ ಇಲ್ಲ. ಇಲ್ಲದಿರುವುದು ಸಹಜ ಅನ್ನಿಸಬಹುದು, ಹಾಡಿದವನೇ ಬೇರೆಯಲ್ಲವೇ ಅಂತ. ಆದರೆ ಆ ಹಾಡು ಹುಟ್ಟಿದ್ದೇ ತನ್ನ ಹೊಟ್ಟೆಯ ಸಂಕಟದಿಂದ ಎಂದು ಪರ್ಸಿ ಕೊನೆಯವರೆಗೂ ಹೇಳುತ್ತಿದ್ದ. ಹಾಗಿದ್ದರೆ ಆತನ ಹೆಸರು ಹೋಯಿತೆಲ್ಲಿಗೆ?

ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ, ಟೆನೆಸ್ಸೀ ನದಿಯ ಅಂಚಿಗೆ ನಾಲ್ಕಾರು ಸಣ್ಣ ಊರುಗಳಿವೆ. ಮಸಲ್ ಶೋಲ್ಸ್, ಶೆಫೀಲ್ಡ್, ಫ್ಲಾರೆನ್ಸ್ ಇತ್ಯಾದಿ. ಅಲ್ಲೇ ಹತ್ತಿರದ ಲೈಟನ್ ಎಂಬ ಊರಿನವನು ಪರ್ಸಿ. ಚಿಕ್ಕಂದಿನಲ್ಲಿ ಹತ್ತಿ ಹೊಲದಲ್ಲಿ ದುಡಿದವನು, ದೊಡ್ಡವನಾದ ಮೇಲೆ ಶೆಫೀಲ್ಡಿನ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ವಾರ್ಡ್ ಸಹಾಯಕನಾಗಿದ್ದ. ವಾರಾಂತ್ಯಕ್ಕೆ 'ಎಸ್ಕ್ವೈರ್ಸ್ ಕಾಂಬೊ' ಎಂಬ ಬ್ಯಾಂಡಿನ ಜೊತೆ ಊರೂರು ಸುತ್ತಿ ಕಾಲೇಜು ಪಾರ್ಟಿಗಳಲ್ಲಿ ಹಾಡುತ್ತಿದ್ದ. ಆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು ಕ್ಯಾಲ್ವಿನ್ ಲೂಯಿಸ್. ಆರ್ಗನ್ ನುಡಿಸುತ್ತಿದ್ದವನು ಆಂಡ್ರ್ಯೂ ರೈಟ್.

ಪರ್ಸಿ ಹೇಳುತ್ತಿದ್ದ ಕಥೆ ಹೀಗೆ. 1965ರ ಕೊನೆಯಲ್ಲಿ ಕಟ್ಟಡದ ಕೆಲಸವೊಂದು ಕೈತಪ್ಪಿತು, ಹಿಂದೆಯೇ ಪ್ರೀತಿಸಿದ ಹುಡುಗಿಯೂ ಮಾಡೆಲಿಂಗ್ ಮಾಡುತ್ತೇನೆಂದು ಬಿಟ್ಟುಹೋದಳು. ಆ ದುಃಖದಲ್ಲಿ ಒಂದು ರಾಗ ಗುನುಗಿಕೊಂಡ, ಲೂಯಿಸ್ ಮತ್ತು ರೈಟ್ ಅದಕ್ಕೆ ಆಕಾರ ಕೊಡಲು ನೆರವಾದರು. ಹಾಡು ಸಿದ್ಧವಾದಾಗ 'ನೀವೇ ಇಟ್ಟುಕೊಳ್ಳಿ' ಎಂಬಂತೆ ಬರೆದವರ ಸ್ಥಾನವನ್ನು ಪೂರ್ತಿ ಅವರಿಬ್ಬರಿಗೇ ಬಿಟ್ಟುಕೊಟ್ಟ. ಗೆದ್ದಲು ಹುತ್ತ ಕಟ್ಟಿ ಹಾವು ಸೇರಿಕೊಂಡ ಗಾದೆಯನ್ನು ಇಲ್ಲಿಗೆ ಎಳೆದು ತರಬೇಡಿ. ಯಾರೂ ಕಿತ್ತುಕೊಳ್ಳಲಿಲ್ಲ, ಇವನೇ ಕೊಟ್ಟದ್ದು. ಆಗ ಆತ ಒಂದೇ ಒಂದು ರೆಕಾರ್ಡ್ ಕೂಡ ಮಾಡಿರಲಿಲ್ಲ. ಆ ಹಾಳೆಯ ಮೇಲಿನ ಎರಡು ಸಾಲಿಗೆ ಎಷ್ಟು ಬೆಲೆ ಬರಬಹುದೆಂದು ಊಹಿಸುವುದಕ್ಕೆ ಆಸ್ಪತ್ರೆಯ ಕೆಲಸದವನಿಗೆ ಯಾವ ದಾರಿಯಿತ್ತು?

ಶೆಫೀಲ್ಡಿನಲ್ಲಿ ಕ್ವಿನ್ ಐವಿ ಎಂಬ ರೇಡಿಯೋ ಡಿಜೆ ಇದ್ದ. ಒಂದು ರೆಕಾರ್ಡ್ ಅಂಗಡಿಯನ್ನೂ ಇಟ್ಟುಕೊಂಡಿದ್ದ, ಜೊತೆಗೆ ನೊರಾಲಾ ಎಂಬ ಪುಟ್ಟ ಸ್ಟುಡಿಯೋ. ಸ್ನೇಹಿತರೊಬ್ಬರ ಮೂಲಕ ಪರ್ಸಿ ಆತನ ಬಳಿ ಬಂದ. 1966ರ ಆರಂಭದಲ್ಲಿ ಅಲ್ಲಿಯೇ ಈ ಹಾಡು ಟೇಪಿಗೆ ಇಳಿದದ್ದು. ಆರ್ಗನ್ ನುಡಿಸಿದವನು ಸ್ಪೂನರ್ ಓಲ್ಡಮ್, ಡ್ರಮ್ಸ್‌ಗೆ ರೋಜರ್ ಹಾಕಿನ್ಸ್, ಗಿಟಾರ್‌ಗೆ ಮಾರ್ಲಿನ್ ಗ್ರೀನ್, ಬೇಸ್‌ಗೆ ಜೂನಿಯರ್ ಲೋ. ನಾಲ್ವರೂ ಬಿಳಿಯ ಹುಡುಗರು. ಹಾಡಿದವನು ಕಪ್ಪು ಜನಾಂಗದವನು.

ಈ ಸಾಲನ್ನು ಓದಿ ಮುಂದೆ ಹೋಗಿಬಿಡಬಾರದು, ಏಕೆಂದರೆ ಇದು ಅಲಬಾಮಾ. ಕಪ್ಪು ಜನರನ್ನು ಬಿಳಿಯರಿಂದ ಶಾಶ್ವತವಾಗಿ ಬೇರೆಯಾಗಿಯೇ ಇಡುತ್ತೇನೆಂದು 1963ರಲ್ಲಿ ಪ್ರಮಾಣವಚನದ ದಿನವೇ ಸಾರಿದ ಜಾರ್ಜ್ ವಾಲೇಸ್ ಆಗ ಅಲ್ಲಿನ ಗವರ್ನರ್. 1965ರ ಮಾರ್ಚ್‌ನಲ್ಲಿ ಅದೇ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿ ನಡೆದುಹೊರಟವರನ್ನು ಪೊಲೀಸರು ಲಾಠಿಯಿಂದ ಬಡಿದಿದ್ದರು. ಅದಾಗಿ ಒಂದು ವರ್ಷವೂ ತುಂಬದ ಹೊತ್ತಿನಲ್ಲಿ, ಒಂದು ಕೋಣೆಯ ಬಾಗಿಲು ಹಾಕಿಕೊಂಡು ಇವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ ಒಂದು ಪ್ರೇಮಗೀತೆ ಕಟ್ಟುತ್ತಿದ್ದರು. ಅವರು ಕ್ರಾಂತಿ ಮಾಡಲು ಕೂತವರಲ್ಲ, ಹಿಟ್ ಮಾಡಲು ಕೂತವರು. ನನಗೆ ಅದೇ ಇಷ್ಟವಾಗುವುದು.

ಸೋಲ್ ಸಂಗೀತದ ಬಗ್ಗೆ ಒಂದು ಮಾತು. ಚರ್ಚಿನಲ್ಲಿ ದೇವರನ್ನು ಕೂಗಿ ಕರೆಯುವ ಗಾಸ್ಪೆಲ್ ದನಿಯಲ್ಲೇ ಮನುಷ್ಯರನ್ನು ಕರೆದರೆ ಅದು ಸೋಲ್. ಕನ್ನಡದಲ್ಲಿ ಬರೆದಾಗ 'ಸೋಲು' ಎಂದು ಓದಿಸಿಕೊಳ್ಳುವ ಅಪಾಯವಿದೆ. ಈ ಹಾಡಿನ ಮಟ್ಟಿಗೆ ಅದೂ ತಪ್ಪಲ್ಲ. ಮನಸೋತವನೊಬ್ಬ ತನ್ನದೆಲ್ಲವನ್ನೂ ಕೊಟ್ಟು ಬರಿಗೈಯಲ್ಲಿ ನಿಲ್ಲುವುದೇ ಇದರ ವಸ್ತು.

ಹಾಡಿನ ಒಳಗೆ ನಡೆಯುವುದು ತುಂಬ ಸರಳ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಬೇಸ್ ಅವರೋಹಣದಲ್ಲಿ ಇಳಿಯುತ್ತದೆ. ಸ, ನಿ, ದ, ಪ, ಮ ಎಂದು ಒಂದೊಂದೇ ಮೆಟ್ಟಿಲು ಕೆಳಗೆ, ಆಮೇಲೆ ಪ ಮುಟ್ಟಿ ಮತ್ತೆ ಸ. ಇಷ್ಟೇ, ಇದೇ ತಿರುಗಿ ತಿರುಗಿ. ಅದರ ಮೇಲೆ ಓಲ್ಡಮ್‌ನ ಫಾರ್ಫಿಸಾ ಆರ್ಗನ್ ಸ್ವರಗಳನ್ನು ಎಳೆದು ಹಿಡಿದಿರುತ್ತದೆ. ಕೆಳಗಿರುವುದೆಲ್ಲ ಇಳಿಯುತ್ತಿರುವಾಗ ಪರ್ಸಿಯ ದನಿ ಮಾತ್ರ ಮೊದಲ ಪದಕ್ಕೇ ಎತ್ತರದಲ್ಲಿ ನಿಂತುಬಿಡುತ್ತದೆ. ಸಾಮಾನ್ಯವಾಗಿ ಗಾಯಕರು ತಗ್ಗಿನಲ್ಲಿ ಶುರುಮಾಡಿ ಕೊನೆಗೆ ತುದಿ ಮುಟ್ಟುತ್ತಾರೆ. ಈತ ತುದಿಯಿಂದಲೇ ಶುರುಮಾಡುತ್ತಾನೆ, ಅಲ್ಲಿಂದ ಇಳಿಯಲು ದಾರಿ ಗೊತ್ತಿಲ್ಲದವನ ಹಾಗೆ.

ಕೊನೆಯ ಭಾಗಕ್ಕೆ ಬಂದಾಗ ಟ್ರಂಪೆಟ್, ಸ್ಯಾಕ್ಸೋಫೋನ್‌ಗಳ ಸಾಲು ಸೇರಿಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಕಹಳೆಗಳು ಎನ್ನೋಣ. ಆ ಕಹಳೆಗಳ ಶ್ರುತಿ ಸರಿಯಿಲ್ಲ. ಇದು ನನ್ನ ಕಿವಿಯ ಸಂಶಯವಲ್ಲ, ಪ್ರಸಿದ್ಧವಾದ ಸಂಗತಿ. ಟೇಪ್ ಕೇಳಿದ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಜೆರ್ರಿ ವೆಕ್ಸ್ಲರ್ ಹಾಡನ್ನು ಮೆಚ್ಚಿ, ಕಹಳೆಗಳ ಅಪಶ್ರುತಿ ಮಾತ್ರ ಸರಿಪಡಿಸಿ ಕಳಿಸಿ ಎಂದನಂತೆ. ಶೆಫೀಲ್ಡಿನವರು ಆ ಭಾಗವನ್ನು ಮತ್ತೆ ನುಡಿಸಿ ಹೊಸ ಟೇಪ್ ಕಳಿಸಿದರು. ಕಂಪನಿಯಲ್ಲಿ ಟೇಪುಗಳು ಅದಲುಬದಲಾಗಿ, ಹಳೆಯದೇ ಅಚ್ಚಾಗಿ ಹೊರಬಂತು. ಆ ಸ್ಟುಡಿಯೋದ ಸುತ್ತಲಿನವರು ವರ್ಷಗಟ್ಟಲೆ ಹೇಳಿಕೊಂಡು ನಕ್ಕ ಕಥೆ ಇದು.

ಪಿಯುಸಿ ಭೌತಶಾಸ್ತ್ರದ 'ಬೀಟ್ಸ್' ನೆನಪಿದೆಯೇ? 440 ಹರ್ಟ್ಸ್ ಮತ್ತು 444 ಹರ್ಟ್ಸ್‌ನ ಎರಡು ಸ್ವರಗಳನ್ನು ಒಟ್ಟಿಗೆ ನುಡಿಸಿದರೆ ಶಬ್ದವು ಸೆಕೆಂಡಿಗೆ ನಾಲ್ಕು ಬಾರಿ ಏರಿ ಇಳಿದು ನಡುಗುತ್ತದೆ. ಪರೀಕ್ಷೆಯಲ್ಲಿ ಅದೊಂದು ಲೆಕ್ಕ, ಇಲ್ಲಿ ಅದೇ ಒಂದು ಭಾವ. ಒಂದಕ್ಕೊಂದು ಪೂರ್ತಿ ಹೊಂದದ ಆ ಕಹಳೆಗಳು ನಡುಗುವಾಗ, ಅಳು ತಡೆಯಲು ಹೋಗಿ ಗಂಟಲು ಕಟ್ಟಿದಂತೆ ಕೇಳುತ್ತದೆ. ಇವತ್ತಿನ ಪಿಚ್ ಕರೆಕ್ಷನ್ ಸಾಫ್ಟ್‌ವೇರ್‌ಗೆ ಕೊಟ್ಟರೆ ಒಂದು ಕ್ಲಿಕ್‌ನಲ್ಲಿ ಎಲ್ಲ ಸ್ವರವೂ ಗೆರೆ ಎಳೆದಂತೆ ನೇರವಾಗುತ್ತದೆ. ಸದ್ಯ, 1966ರಲ್ಲಿ ಅದು ಇರಲಿಲ್ಲ.

1966ರ ಮೇ ಕೊನೆಗೆ ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು, ಎರಡು ವಾರ ಅಲ್ಲೇ ನಿಂತಿತು. ಹತ್ತು ಲಕ್ಷ ಪ್ರತಿಗೆ ಆಗ ಕೊಡುತ್ತಿದ್ದ ಅಧಿಕೃತ ಚಿನ್ನದ ಡಿಸ್ಕ್ ಅಟ್ಲಾಂಟಿಕ್ ಕಂಪನಿಗೆ ಮೊದಲ ಬಾರಿ ಸಿಕ್ಕಿದ್ದು ಇದರಿಂದ. ಮುಂದಿನ ವರ್ಷವೇ ವೆಕ್ಸ್ಲರ್, ಅರೀಥಾ ಫ್ರ್ಯಾಂಕ್ಲಿನ್ ಎಂಬ ಗಾಯಕಿಯನ್ನು ಇದೇ ಸೀಮೆಯ ಇನ್ನೊಂದು ಸ್ಟುಡಿಯೋಗೆ ಕರೆತಂದ. ಓಲ್ಡಮ್, ಹಾಕಿನ್ಸ್ ಅಲ್ಲೂ ನುಡಿಸಿದರು. ಆಸ್ಪತ್ರೆಯ ಕೆಲಸಗಾರನ ಮೊದಲ ಹಾಡು ಒಂದು ಊರಿನ ಹಣೆಬರಹವನ್ನೇ ಬದಲಿಸಿತ್ತು.

ಇನ್ನು ಈ ಹಾಡನ್ನು ಮತ್ತೆ ಹಾಡಿದವರ ಸರದಿ. ಅದೇ ವರ್ಷವೇ ಎಸ್ತರ್ ಫಿಲಿಪ್ಸ್ ಇದನ್ನು ತಿರುಗಿಸಿ, ಹೆಣ್ಣು ಗಂಡನ್ನು ಪ್ರೀತಿಸಿದಾಗ ಎಂದು ಹಾಡಿದಳು. 1979ರ 'ದ ರೋಸ್' ಚಿತ್ರದಲ್ಲಿ ಬೆಟ್ ಮಿಡ್ಲರ್ ಗಂಡಸಿನ ಹಾಡನ್ನು ಗಂಡಸಿನದಾಗಿಯೇ ಉಳಿಸಿಕೊಂಡಳು. ಚಿತ್ರದಲ್ಲಿ ಆಕೆಯದು ಕುಡಿತ, ಒಂಟಿತನದಲ್ಲಿ ಮುಳುಗುತ್ತಿರುವ ರಾಕ್ ಗಾಯಕಿಯ ಪಾತ್ರ. ಇಂಥ ಪ್ರೀತಿ ತನಗೆ ಯಾರೂ ಕೊಡಲಿಲ್ಲ ಎಂದು ಗೊತ್ತಿರುವ ಹೆಣ್ಣು ಆ ಮಾತುಗಳನ್ನು ಒರಟು ಗಂಟಲಲ್ಲಿ ಹಾಡಿದಾಗ ಹಾಡು ಒಳಗಿನಿಂದಲೇ ಬೇರೆಯಾಗುತ್ತದೆ. ಕವರ್‌ಗಳ ಪೈಕಿ ನನ್ನ ಮತ ಇದಕ್ಕೇ. ಮಾತು ಬದಲಿಸದೆ ಅರ್ಥ ಬದಲಿಸುವುದು ಸುಲಭದ ಕೆಲಸವಲ್ಲ. 1988ರಲ್ಲಿ ಆರ್ಟ್ ಗಾರ್ಫಂಕಲ್ ಹಾಡಿದ್ದು ಇಂಪಾಗಿದೆ, ಅದರಾಚೆಗೆ ಹೇಳುವುದೇನಿಲ್ಲ.

ಈ ನಡುವೆ ಮೂಲ ಹಾಡೇ ಎದ್ದು ಬಂತು. 1986ರ 'ಪ್ಲಟೂನ್' ಚಿತ್ರದಲ್ಲಿ ವಿಯೆಟ್ನಾಂ ಯುದ್ಧದ ಸೈನಿಕರ ನಡುವೆ ಅದು ಕೇಳಿಸಿತು. 1987ರಲ್ಲಿ ಬ್ರಿಟನ್ನಿನ ಲಿವೈಸ್ ಜೀನ್ಸ್ ಜಾಹೀರಾತಿಗೆ ಬಳಕೆಯಾಗಿ, ಮರುಬಿಡುಗಡೆಯಾಗಿ, ಅಲ್ಲಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. 1966ರಲ್ಲಿ ಅಲ್ಲಿ ಸಿಕ್ಕಿದ್ದು ನಾಲ್ಕನೇ ಸ್ಥಾನ. ಒಂದು ಜೊತೆ ಪ್ಯಾಂಟ್ ಮಾಡಿದ ಉಪಕಾರ!

ಆಮೇಲೆ ಬಂದವನು ಮೈಕೆಲ್ ಬೋಲ್ಟನ್. ಕನೆಕ್ಟಿಕಟ್ ರಾಜ್ಯದ ಬಿಳಿಯ ಗಾಯಕ, ಹಳೆಯ ಸೋಲ್ ಹಾಡುಗಳ ಮೋಹಿ. ಓಟಿಸ್ ರೆಡ್ಡಿಂಗ್‌ನ ಪ್ರಸಿದ್ಧ ಹಾಡೊಂದನ್ನು ಅದಾಗಲೇ ಮರಳಿ ಹಾಡಿ ಗೆದ್ದಿದ್ದ. 1991ರ ಆತನ 'ಟೈಮ್, ಲವ್ ಆ್ಯಂಡ್ ಟೆಂಡರ್‌ನೆಸ್' ಆಲ್ಬಮ್‌ನಲ್ಲಿ ಪರ್ಸಿಯ ಹಾಡಿತ್ತು. ಆ ನವೆಂಬರ್‌ನಲ್ಲಿ ಅದೂ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂತು. 25 ವರ್ಷದ ಅಂತರದಲ್ಲಿ ಒಂದೇ ಹಾಡು, ಎರಡು ದನಿಯಲ್ಲಿ ನಂಬರ್ ಒನ್. ಮರುವರ್ಷ ಬೋಲ್ಟನ್‌ಗೆ ಇದಕ್ಕಾಗಿ ಗ್ರ್ಯಾಮಿ ಪ್ರಶಸ್ತಿಯೂ ಸಿಕ್ಕಿತು.

ಬೋಲ್ಟನ್‌ನನ್ನು ಹೀಗಳೆಯುವುದು ಸಂಗೀತಪ್ರಿಯರಿಗೆ ಒಂದು ಫ್ಯಾಷನ್. ನಾನು ಅಷ್ಟು ದೂರ ಹೋಗುವುದಿಲ್ಲ. ಆತನ ಗಂಟಲಿಗೆ ನಿಜವಾದ ಶಕ್ತಿಯಿದೆ, ಹಾಡಿನ ಮೇಲೆ ಪ್ರೀತಿಯೂ ಇದೆ. ತೊಂದರೆ ಇರುವುದು ಅಚ್ಚುಕಟ್ಟಿನಲ್ಲಿ. ಕೀಬೋರ್ಡ್ ಹೊಳೆಯುತ್ತದೆ, ಡ್ರಮ್ ದೊಡ್ಡದಾಗಿದೆ, ಪ್ರತಿಧ್ವನಿ ರೇಷ್ಮೆಯಂತಿದೆ, ಹಾಡು ಮೂಲಕ್ಕಿಂತ ಸುಮಾರು ಒಂದು ನಿಮಿಷ ಉದ್ದವಾಗಿದೆ. ಒಂದೇ ಒಂದು ಸ್ವರ ಜಾಗ ತಪ್ಪುವುದಿಲ್ಲ. ಹೃದಯ ಒಡೆದವನ ಮನೆ ಇಷ್ಟು ಚೊಕ್ಕವಾಗಿರುತ್ತದೆಯೇ ಎಂಬ ಅನುಮಾನ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ, ನಿಮಗೆ ಬೇರೆ ಅನ್ನಿಸಿದರೆ ಜಗಳವಿಲ್ಲ.

ಇದಕ್ಕಿಂತ ಸ್ವಾರಸ್ಯದ ವಿಷಯ ಅದೇ ಆಲ್ಬಮ್‌ನಲ್ಲಿದೆ. ಅದರಲ್ಲಿದ್ದ 'ಲವ್ ಈಸ್ ಎ ವಂಡರ್‌ಫುಲ್ ಥಿಂಗ್' ಎಂಬ ಹಾಡನ್ನು ಬೋಲ್ಟನ್ ತನ್ನ ಸ್ವಂತ ರಚನೆ ಎಂದಿದ್ದ. ಅದು ನಮ್ಮ ಹಾಡಿನ ನಕಲು ಎಂದು ಐಸ್ಲಿ ಬ್ರದರ್ಸ್ ಕೋರ್ಟಿಗೆ ಹೋದರು. 1994ರಲ್ಲಿ ಜ್ಯೂರಿ ಅವರ ಪರ ನಿಂತಿತು, 2000ದಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಪರಿಹಾರದ ಮೊತ್ತ 54 ಲಕ್ಷ ಡಾಲರ್. ಒಂದೇ ಆಲ್ಬಮ್‌ನಲ್ಲಿ ಎರಡು ಹಾಡು. ಹೆಸರು ಹೇಳಿ ಬೇರೆಯವರದನ್ನು ಹಾಡಿದ್ದಕ್ಕೆ ಗ್ರ್ಯಾಮಿ, ತನ್ನದೇ ಎಂದು ಹೇಳಿ ಹಾಡಿದ್ದಕ್ಕೆ ದಂಡ.

ಹಾಗಾದರೆ ಬೋಲ್ಟನ್‌ನ ಕವರ್ ಅಷ್ಟು ಮಾರಾಟವಾದಾಗ ಪರ್ಸಿಗೆ ಬಂದದ್ದೆಷ್ಟು? ಬರೆದವನಾಗಿ ಸೊನ್ನೆ.

ನಮಗೆ ಬಿ.ಇ. ಐದನೇ ಸೆಮಿಸ್ಟರ್‌ನಲ್ಲಿ ಬೌದ್ಧಿಕ ಆಸ್ತಿ ಹಕ್ಕಿನ ಪಾಠವಿದೆ. ಪೇಟೆಂಟ್, ಟ್ರೇಡ್‌ಮಾರ್ಕ್, ಕಾಪಿರೈಟ್ ಎಂದು ಉರು ಹೊಡೆದು ಬರೆದು ಮರೆಯುವ ವಿಷಯ ಎಂದೇ ಎಲ್ಲರ ನಂಬಿಕೆ. ಈ ಹಾಡನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ತಲೆಗೆ ಹತ್ತುತ್ತದೆ. ಒಂದು ಹಾಡಿನಲ್ಲಿ ಬೇರೆ ಬೇರೆ ಆಸ್ತಿಗಳಿರುತ್ತವೆ. ಸಾಹಿತ್ಯ ಮತ್ತು ರಾಗದ ರಚನೆ ಒಂದು, ಅದನ್ನು ಹಾಡಿ ಮಾಡಿದ ಧ್ವನಿಮುದ್ರಣ ಇನ್ನೊಂದು. ಅಮೆರಿಕದ 1909ರ ಕಾನೂನಿನಿಂದಲೇ ಒಂದು ಪದ್ಧತಿ ಇದೆ. ಹಾಡು ಒಮ್ಮೆ ಬಿಡುಗಡೆಯಾದ ಮೇಲೆ ಯಾರು ಬೇಕಾದರೂ ನಿಗದಿತ ದರ ಕೊಟ್ಟು ಅದನ್ನು ಮತ್ತೆ ಹಾಡಿ ಮಾರಬಹುದು. ಆ ದರ ಬಹುಕಾಲ ಪ್ರತಿಯೊಂದಕ್ಕೆ ಎರಡು ಸೆಂಟ್ ಇತ್ತು, ನಂತರ ಏರುತ್ತ ಬಂತು. ಹಣ ಹೋಗುವುದು ರಚನಕಾರರಿಗೆ ಮತ್ತು ಅವರ ಪ್ರಕಾಶಕರಿಗೆ. ಮೊದಲು ಹಾಡಿದವನಿಗೆ ಅದರಲ್ಲಿ ಪಾಲಿಲ್ಲ. ಸಾಲದ್ದಕ್ಕೆ ಅಮೆರಿಕದ ಸಾಂಪ್ರದಾಯಿಕ ರೇಡಿಯೋ ಕೇಂದ್ರಗಳು ಹಾಡು ಪ್ರಸಾರ ಮಾಡಿದಾಗಲೂ ರಾಯಲ್ಟಿ ಕೊಡುವುದು ಬರೆದವರಿಗಷ್ಟೇ, ಹಾಡಿದವರಿಗಲ್ಲ. ಅಂದರೆ ಪರ್ಸಿಯ ಸ್ವಂತ ದನಿಯೇ ರೇಡಿಯೋದಲ್ಲಿ ದಿನಕ್ಕೆ ಹತ್ತು ಬಾರಿ ಬಂದರೂ ಆ ಬಾಬ್ತಿನ ದುಡ್ಡು ಲೂಯಿಸ್ ಮತ್ತು ರೈಟ್ ಕಡೆಗೇ.

ನಮ್ಮ ದೇಶದಲ್ಲಿ ಕವರ್ ಹಾಡುವವರೂ ತಿಳಿದಿರಬೇಕಾದ ಒಂದು ವಿಷಯವಿದೆ. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯ 31ಸಿ ಕಲಮಿನಡಿ, ಮೂಲ ಹಾಡಿನ ಮೊದಲ ಧ್ವನಿಮುದ್ರಣವಾಗಿ ಐದು ವರ್ಷ ಕಳೆಯುವ ಮುಂಚೆ ಕವರ್ ಆವೃತ್ತಿ ಹೊರತರುವಂತಿಲ್ಲ. ಮುಂಚಿತವಾಗಿ ನೋಟಿಸ್, ರಾಯಲ್ಟಿ ಎಲ್ಲ ಕೊಡಬೇಕು. ಅದೇ ತಿದ್ದುಪಡಿ ಗಾಯಕರಿಗೂ ರಾಯಲ್ಟಿಯ ಹಕ್ಕು ಕೊಟ್ಟಿದೆ. ಕಾಲೇಜು ಬ್ಯಾಂಡಿನವರು ಒಮ್ಮೆ ಓದಿಕೊಂಡರೆ ಒಳ್ಳೆಯದು.

ನನಗೆ ಈ ಕಥೆ ಹಾಡಿನಾಚೆಗೂ ಕಾಡುವುದು ಬೇರೆ ಕಾರಣಕ್ಕೆ. ನಮ್ಮ ಪ್ರಾಜೆಕ್ಟ್ ತಂಡಗಳಲ್ಲಿ ನಾಲ್ಕು ಹೆಸರಿರುತ್ತದೆ. ರಾತ್ರಿಯಿಡೀ ಕೂತು ಸರ್ಕ್ಯೂಟ್ ಬೆಸುಗೆ ಹಾಕಿದವನು 'ಪೇಪರ್‌ನಲ್ಲಿ ನನ್ನ ಹೆಸರು ಕೊನೆಗಿದ್ದರೂ ಪರವಾಗಿಲ್ಲ ಬಿಡು ಮಗಾ' ಎನ್ನುತ್ತಾನೆ. ಅದು ಸ್ನೇಹ, ಸಂದೇಹವಿಲ್ಲ. ಆದರೆ ಎರಡು ವರ್ಷ ಬಿಟ್ಟು ಕೆಲಸದ ಇಂಟರ್‌ವ್ಯೂನಲ್ಲಿ ಇದರಲ್ಲಿ ನಿನ್ನ ಪಾಲೇನು ಎಂದು ಕೇಳುವವರು ಹಾಳೆ ನೋಡುತ್ತಾರೆ, ಸ್ನೇಹ ನೋಡುವುದಿಲ್ಲ. ಪರ್ಸಿ ಮಾಡಿದ್ದು ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ. ಲೂಯಿಸ್ ಮತ್ತು ರೈಟ್ ಇಲ್ಲದೆ ಆ ಗುನುಗು ಹಾಡಾಗುತ್ತಿತ್ತೋ ಇಲ್ಲವೋ. ಮೂವರ ಹೆಸರು ಹಾಕಿದ್ದರೆ ಆಗುತ್ತಿತ್ತಲ್ಲ ಎಂದು ಮಾತ್ರ ಅನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಒಂದು ಆರ್ಗನ್ನಿನದೇ. 1967ರಲ್ಲಿ ಬ್ರಿಟನ್ನಿನ ಪ್ರೊಕೋಲ್ ಹಾರಮ್ ಬ್ಯಾಂಡಿನ 'ಎ ವೈಟರ್ ಶೇಡ್ ಆಫ್ ಪೇಲ್' ಬಂತು. ಅದರಲ್ಲೂ ಬೇಸ್ ಹೀಗೇ ಮೆಟ್ಟಿಲಿಳಿಯುತ್ತದೆ, ಅದರಲ್ಲೂ ಆರ್ಗನ್ನೇ ಪ್ರಾಣ. ಪರ್ಸಿಯ ಹಾಡನ್ನು ಕೇಳಿದ ಕಿವಿಗೆ ಬಂಧುತ್ವ ಕೂಡಲೇ ಗೊತ್ತಾಗುತ್ತದೆ. ರಚನಕಾರರೆಂದು ಇದ್ದದ್ದು ಗಾಯಕ ಗ್ಯಾರಿ ಬ್ರೂಕರ್ ಮತ್ತು ಗೀತಕಾರ ಕೀತ್ ರೀಡ್. ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಹೆಸರಿರಲಿಲ್ಲ. ಸುಮಾರು ನಾಲ್ಕು ದಶಕ ಕಳೆದ ಮೇಲೆ ಆತ ಕೋರ್ಟಿಗೆ ಹೋದ. 2006ರಲ್ಲಿ ನ್ಯಾಯಾಧೀಶರು ಸಂಗೀತದ ಹಕ್ಕಿನಲ್ಲಿ ಶೇ 40ರಷ್ಟು ಪಾಲು ಕೊಟ್ಟರು. ನಡುವೆ ಮೇಲ್ಮನವಿಯಲ್ಲಿ ರಾಯಲ್ಟಿ ಕೈತಪ್ಪಿತು. 2009ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ಮರಳಿಸಿತು. ಅಲ್ಲಿ ಆರ್ಗನ್ ವಾದಕ 40 ವರ್ಷದ ಬಳಿಕ ಬಡಿದಾಡಿ ಹೆಸರು ಪಡೆದ. ಇಲ್ಲಿ ಗಾಯಕ ತಾನೇ ಆರ್ಗನ್ ವಾದಕನಿಗೆ ಹೆಸರು ಕೊಟ್ಟ, ಅದನ್ನು ವಾಪಸ್ ಕೇಳಲು ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ಪರ್ಸಿ ಆಮೇಲೆಯೂ ಹಾಡಿದ, ಒಂದೆರಡು ಒಳ್ಳೆಯ ಹಿಟ್‌ಗಳೂ ಬಂದವು. 1968ರ 'ಟೇಕ್ ಟೈಮ್ ಟು ನೋ ಹರ್' ಹುಡುಕಿ ಕೇಳಬೇಕಾದದ್ದು. ಆದರೆ ಜನ ಕೇಳಿದ್ದು ಯಾವಾಗಲೂ ಮೊದಲನೆಯದನ್ನೇ. ಹೊಟ್ಟೆಪಾಡು ನಡೆದದ್ದು ವೇದಿಕೆಯಿಂದ, ಊರಿಂದ ಊರಿಗೆ. 2005ರಲ್ಲಿ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ. 2015ರ ಏಪ್ರಿಲ್ 14ರಂದು ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ, 74ನೇ ವಯಸ್ಸಿನಲ್ಲಿ, ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡ.

ಕೇಳುವುದಾದರೆ ಫೋನಿನ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಕೊನೆಯ ಅರ್ಧ ನಿಮಿಷಕ್ಕೆ ಬಂದಾಗ ಹಿಂದುಗಡೆಯ ಕಹಳೆಗಳನ್ನು ಗಮನಿಸಿ. ಅವು ಒಂದಿಷ್ಟು ಆಚೀಚೆಯಾಗಿ ನಡುಗುತ್ತಿರುತ್ತವೆ, ಪರ್ಸಿ ಅದನ್ನು ಲೆಕ್ಕಿಸದೆ ಇನ್ನೂ ಏನನ್ನೋ ಹೇಳುತ್ತಿರುತ್ತಾನೆ. ಅಷ್ಟರಲ್ಲಿ ಯಾರೋ ಮೆಲ್ಲಗೆ ವಾಲ್ಯೂಮ್ ತಗ್ಗಿಸುತ್ತಾರೆ.